ಮೊನೊಗ್ರಾಮ್

ಹೆಸರಿನ ಎರಡೋ ಅದಕ್ಕಿಂತ ಹೆಚ್ಚೋ ಅಕ್ಷರಗಳನ್ನು ಒಂದರೊಳಗೊಂದು ಹೆಣೆದು ಮಾಡಿದ ಗುರುತಿಗೆ ಮೊನೊಗ್ರಾಮ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಮೋನೋಸ್’ ಎಂದರೆ ಒಂಟಿ, ‘ಗ್ರಾಮ್ಮಾ’ ಎಂದರೆ ಅಕ್ಷರ. ಹಲವು ಅಕ್ಷರ ಸೇರಿ ಒಂದೇ ಅಕ್ಷರದಂತೆ ಕಾಣುವುದು ಎಂಬ ಭಾವ ಪದದಲ್ಲೇ ಇದೆ. ಇನಿಷಿಯಲ್‌ಗಳನ್ನು ಸುಮ್ಮನೆ ಅಕ್ಕಪಕ್ಕ ಬರೆದರೆ ಅದು ಮೊನೊಗ್ರಾಮ್ ಆಗದು. ಒಂದು ಅಕ್ಷರದ ಗೆರೆ ಇನ್ನೊಂದಕ್ಕೂ ದುಡಿಯಬೇಕು, ಬಿಡಿಸಿದರೆ ಎರಡೂ ಕೆಡಬೇಕು. ನಾಣ್ಯ, ಮೊಹರು, ಚಿತ್ರ, ಬಟ್ಟೆ, ಪಿಂಗಾಣಿ, ಅಂಗಡಿಯ ಫಲಕ ಹೀಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಅದರ ನೆಲೆ ಬದಲಾಗುತ್ತ ಬಂದಿದೆ. ಆದರೆ ಅದು ಹೇಳುವ ಮಾತು ಬದಲಾಗಿಲ್ಲ: ಇದರ ಹಿಂದೆ ನಾನಿದ್ದೇನೆ, ಇದಕ್ಕೆ ನಾನು ಹೊಣೆ.

ನಾಣ್ಯಗಳಲ್ಲಿ ಆರಂಭ

ಮೊನೊಗ್ರಾಮ್‌ಗಳು ಮೊದಲು ಹೇರಳವಾಗಿ ಸಿಗುವುದು ಗ್ರೀಕ್ ನಾಣ್ಯಗಳಲ್ಲಿ. ಬೆರಳ ತುದಿಯಷ್ಟು ಬೆಳ್ಳಿಯ ಬಿಲ್ಲೆಯಲ್ಲಿ ದೇವತೆಯ ಮುಖಕ್ಕೆ ಜಾಗ ಬಿಟ್ಟ ಮೇಲೆ ಪೂರ್ತಿ ಹೆಸರಿಗೆ ಸ್ಥಳವೆಲ್ಲಿ? ಹಾಗಾಗಿ ಟಂಕಸಾಲೆಯವರು ಅಕ್ಷರಗಳನ್ನು ಒಂದರ ಮೇಲೊಂದು ಕೂರಿಸಿದರು. ಅಲೆಕ್ಸಾಂಡರನ ಹೆಸರಿನ ನಾಣ್ಯಗಳಲ್ಲಿ ಟಂಕಸಾಲೆಯನ್ನೂ ಅಧಿಕಾರಿಗಳನ್ನೂ ಸೂಚಿಸುವ ಇಂಥ ಗುರುತುಗಳು ಹಲವಾರಿವೆ. ಕ್ರಿ.ಪೂ. 3 ಮತ್ತು 2ನೇ ಶತಮಾನಗಳಲ್ಲಿ ಅಕೀಯನ್ ಒಕ್ಕೂಟದ ನಗರಗಳು ಹೊರಡಿಸಿದ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಜ್ಯೂಸ್ ದೇವನ ತಲೆ ಇದೆ. ಇನ್ನೊಂದು ಬದಿಯ ಎಲೆಮಾಲೆಯ ನಡುವೆ ಒಕ್ಕೂಟದ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರಗಳಾದ ಆಲ್ಫಾ ಮತ್ತು ಖೀ ಒಂದಾಗಿ ಬೆಸೆದಿವೆ.

ಕ್ರೈಸ್ತ ಜಗತ್ತಿಗೆ ಹೆಚ್ಚು ಪರಿಚಿತವಾದುದು ‘ಖೀ-ರೋ’. ಗ್ರೀಕಿನಲ್ಲಿ ‘ಕ್ರಿಸ್ತ’ ಎಂಬ ಪದದ ಮೊದಲೆರಡು ಅಕ್ಷರಗಳು ಒಂದರ ಮೇಲೊಂದು ಬಂದ ಚಿಹ್ನೆ ಅದು. ಕ್ರಿ.ಶ. 312ರಲ್ಲಿ ರೋಮಿನ ಹೊರಗೆ ಮಿಲ್ವಿಯನ್ ಸೇತುವೆಯ ಯುದ್ಧವನ್ನು ಗೆದ್ದ ಚಕ್ರವರ್ತಿ ಕಾನ್‌ಸ್ಟಂಟೈನನ ಹೆಸರಿನೊಂದಿಗೆ ಇದು ಸೇರಿಕೊಂಡಿತು. ಮುಂದೆ ಸೇನೆಯ ಧ್ವಜದಲ್ಲೂ ನಾಣ್ಯದಲ್ಲೂ ಕಾಣಿಸಿಕೊಂಡಿತು.

ಅರಸನ ಒಂದು ಗೆರೆ

ಕಾನ್‌ಸ್ಟಾಂಟಿನೋಪಲ್‌ನಲ್ಲಿ 532ರಿಂದ 537ರವರೆಗೆ ಕಟ್ಟಿದ ಹಾಗಿಯಾ ಸೋಫಿಯಾದ ಕಂಬಗಳ ಬೋದಿಗೆಗಳಲ್ಲಿ ಚಕ್ರವರ್ತಿ ಜಸ್ಟೀನಿಯನ್ ಮತ್ತು ರಾಣಿ ಥಿಯೊಡೋರಾರ ಮೊನೊಗ್ರಾಮ್‌ಗಳನ್ನು ಕೆತ್ತಲಾಗಿದೆ. ಅಲ್ಲಿಯ ತನಕ ಚೌಕದೊಳಗೆ ಒತ್ತೊತ್ತಾಗಿ ತುಂಬುತ್ತಿದ್ದ ಅಕ್ಷರಗಳು ಆ ಶತಮಾನದಲ್ಲಿ ಶಿಲುಬೆಯ ನಾಲ್ಕು ತುದಿಗಳಿಗೆ ಹರಡಿಕೊಂಡವು.

ಈ ಶಿಲುಬೆಯಾಕಾರದ ಅತ್ಯಂತ ಪ್ರಸಿದ್ಧ ಉದಾಹರಣೆ 768ರಿಂದ 814ರವರೆಗೆ ಆಳಿದ ಫ್ರಾಂಕರ ದೊರೆ ಶಾರ್ಲಮೇನನದು. ಲ್ಯಾಟಿನ್‌ನಲ್ಲಿ ಅವನ ಹೆಸರು ‘ಕರೋಲುಸ್’. ಎಡ ತುದಿಗೆ ಕೆ, ಮೇಲೆ ಆರ್, ಕೆಳಗೆ ಎಲ್, ಬಲಕ್ಕೆ ಎಸ್: ನಾಲ್ಕೂ ವ್ಯಂಜನಗಳು. ನಡುವಿನ ವಜ್ರಾಕೃತಿಯಲ್ಲಿ ಎ, ಓ, ಯು ಎಂಬ ಮೂರು ಸ್ವರಗಳು ಅಡಗಿವೆ. ವಜ್ರಾಕೃತಿಯೇ ಓ, ಅದರ ಕೆಳ ಅರ್ಧವೇ ಯು, ಮೇಲಿನ ಅರ್ಧಕ್ಕೆ ಸಣ್ಣ ಗೆರೆ ಸೇರಿದರೆ ಎ. ರಾಜಶಾಸನದ ಬರಹವನ್ನೂ ಮೊನೊಗ್ರಾಮಿನ ಬಹುಭಾಗವನ್ನೂ ಲಿಪಿಕಾರನೇ ಬರೆಯುತ್ತಿದ್ದ. ದೊರೆ ನಡುವೆ ಎಳೆಯುತ್ತಿದ್ದುದು ಒಂದೇ ಒಂದು ಸಣ್ಣ ಗೆರೆ. ಅವನು ಇಳಿವಯಸ್ಸಿನಲ್ಲಿ ಬರೆಯಲು ಕಲಿಯಹೊರಟು ಹೆಚ್ಚೇನೂ ಸಾಧಿಸಲಿಲ್ಲ ಎಂದು ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. ಆದರೂ ಆ ಗೆರೆ ಬೀಳುವ ತನಕ ಶಾಸನಕ್ಕೆ ಜೀವವಿರಲಿಲ್ಲ. ಮೊನೊಗ್ರಾಮಿನ ಬೆಲೆ ಅದರ ಅಲಂಕಾರದಲ್ಲಿಲ್ಲ, ಅದರ ಹಿಂದಿನ ಒಪ್ಪಿಗೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಕಲಾವಿದನ ಹಕ್ಕು

ಅಚ್ಚಿನ ಯುಗ ಬಂದಾಗ ಮೊನೊಗ್ರಾಮ್ ಅರಮನೆಯಿಂದ ಕಸುಬುದಾರನ ಮೇಜಿಗೆ ಇಳಿಯಿತು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಅಕ್ಕಸಾಲಿಗನ ಮಗ. ಮೊದಲು ಕಲಿತದ್ದೂ ತಂದೆಯ ಕಸುಬನ್ನೇ. ಅವನ ಗುರುತು ಬಹಳ ಸರಳ: ಅಗಲ ಕಾಲುಗಳ ಎ ಅಕ್ಷರ ಬಾಗಿಲಿನಂತೆ ನಿಂತಿದೆ, ಅದರಡಿಯಲ್ಲಿ ಡಿ ಅಕ್ಷರ ಮನೆಯೊಳಗೆ ಕೂತಂತಿದೆ. 1514ರ ‘ಮೆಲನ್‌ಕೋಲಿಯಾ’ ಕೆತ್ತನೆಯಲ್ಲಿ ವರ್ಷದ ಜೊತೆಗೆ ಈ ಗುರುತಿದೆ.

ಅಚ್ಚಿನ ಚಿತ್ರ ಊರೂರಿಗೆ ಹೋಗುತ್ತಿದ್ದಂತೆ ನಕಲೂ ಬೆನ್ನುಹತ್ತಿತು. ಇಟಲಿಯ ಕೆತ್ತನೆಗಾರ ಮಾರ್ಕಂಟೋನಿಯೊ ರೈಮೊಂಡಿ ಡ್ಯೂರರನ ಮರದಚ್ಚಿನ ಚಿತ್ರಗಳನ್ನು ಮೊನೊಗ್ರಾಮ್ ಸಮೇತ ನಕಲು ಮಾಡಿದ. ಡ್ಯೂರರ್ ವೆನಿಸ್‌ನಲ್ಲಿ ದೂರಿತ್ತಾಗ, ಚಿತ್ರವನ್ನಲ್ಲ, ಗುರುತನ್ನು ಮಾತ್ರ ಬಳಸಕೂಡದು ಎಂದು ತೀರ್ಪಾಯಿತೆಂದು ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. 1512ರಲ್ಲಿ ನ್ಯೂರೆಂಬರ್ಗ್ ನಗರಸಭೆಯೂ ಅದೇ ನಿಲುವು ತಳೆಯಿತು. ಡ್ಯೂರರನ ಗುರುತನ್ನು ಕಳ್ಳತನದಿಂದ ಹಾಕಿ ಚಿತ್ರ ಮಾರುತ್ತಿದ್ದ ಹೊರಗಿನವನೊಬ್ಬ ಆ ಗುರುತುಗಳನ್ನು ಅಳಿಸಬೇಕು, ಇಲ್ಲವಾದರೆ ಚಿತ್ರಗಳನ್ನು ಮುಟ್ಟುಗೋಲು ಹಾಕಲಾಗುವುದು ಎಂದು ಆಜ್ಞೆ ಹೊರಟಿತು. ಇಂದಿನ ಟ್ರೇಡ್‌ಮಾರ್ಕ್ ಕಾನೂನಿನ ಬೀಜ ಈ ಎರಡಕ್ಷರದಲ್ಲಿ ಕಾಣುತ್ತದೆ. ನಂತರದ ಕಲಾವಿದರು ಇದನ್ನು ತಮ್ಮ ತಮ್ಮ ರೀತಿಯಲ್ಲಿ ಮುಂದುವರಿಸಿದರು. 19ನೇ ಶತಮಾನದಲ್ಲಿ ವಿಸ್ಲರ್ ತನ್ನ ಇನಿಷಿಯಲ್‌ಗಳನ್ನು ಚಿಟ್ಟೆಯ ರೂಪಕ್ಕೆ ತಂದ. ಟೂಲೂಸ್-ಲೋಟ್ರೆಕ್ ಮೂರಕ್ಷರಗಳನ್ನು ಜಪಾನಿ ಮೊಹರಿನಂತೆ ವೃತ್ತದಲ್ಲಿಟ್ಟ.

ವ್ಯಾಪಾರ ಮತ್ತು ರಾಜ್ಯ

1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗುರುತಿನಲ್ಲಿ ದೊಡ್ಡ ವಿ ಅಕ್ಷರದ ಎರಡು ತೋಳುಗಳಿಗೆ ಓ ಮತ್ತು ಸಿ ತೂಗುಬಿದ್ದಿವೆ. ತೋಪು, ಪಿಂಗಾಣಿ, ತಾಮ್ರದ ಕಾಸು ಎಲ್ಲದರ ಮೇಲೂ ಇದೇ ಗುರುತು. ಮೇಲೆ ಒಂದು ಎ ಇದ್ದರೆ ಅದು ಆಮ್‌ಸ್ಟರ್‌ಡಾಮ್ ಶಾಖೆಯದು. ಓದು ಬಾರದ ಹಮಾಲನೂ ದೂರದಿಂದ ಹಿಡಿಯಬಹುದಾದ ಆಕಾರವದು.

ಫ್ರಾನ್ಸಿನಲ್ಲಿ ಎದುರುಬದುರಾಗಿ ಹೆಣೆದ ಎರಡು ಎಲ್ ಅಕ್ಷರಗಳು ಲೂಯಿ ದೊರೆಗಳ ಗುರುತಾಗಿ ಸೆವ್ರ್ ಪಿಂಗಾಣಿಯ ತಳಕ್ಕೂ ಬಂದವು. ಬ್ರಿಟನ್ನಿನಲ್ಲಿ ರಾಜರಾಣಿಯರ ಅಕ್ಷರಗಳು ಕೆಂಪು ಅಂಚೆಪೆಟ್ಟಿಗೆಗಳಲ್ಲಿ ಇಂದಿಗೂ ಉಳಿದಿವೆ. ಅಲ್ಲಿ ರಾಣಿ ಎರಡನೆಯ ಎಲಿಜಬೆತ್‌ಳ ಮೊನೊಗ್ರಾಮ್ ಜನರನ್ನು ಕೆರಳಿಸಿದ್ದೂ ಉಂಟು. ಸ್ಕಾಟ್ಲೆಂಡಿಗೆ ಅದುವರೆಗೆ ಎಲಿಜಬೆತ್ ಎಂಬ ರಾಣಿಯೇ ಇರಲಿಲ್ಲವಾದ್ದರಿಂದ ‘ಎರಡನೆಯ’ ಎಂಬ ಅಂಕಿಗೆ ವಿರೋಧವೆದ್ದಿತು. 1953ರಲ್ಲಿ ಎಡಿನ್‌ಬರೋದ ಅಂಚೆಪೆಟ್ಟಿಗೆಯೊಂದನ್ನು ಸ್ಫೋಟಿಸಲಾಯಿತು. ಆಮೇಲೆ ಅಲ್ಲಿನ ಪೆಟ್ಟಿಗೆಗಳಿಗೆ ಅಕ್ಷರ ಬಿಟ್ಟು ಸ್ಕಾಟ್ಲೆಂಡಿನ ಕಿರೀಟವನ್ನಷ್ಟೇ ಹಾಕತೊಡಗಿದರು.

ಪ್ಯಾರಿಸ್ಸಿನ ಜಾರ್ಜ್ ವಿಟಾನ್ 1896ರಲ್ಲಿ ತಂದೆ ಲೂಯಿ ವಿಟಾನ್‌ನ ಎಲ್ ಮತ್ತು ವಿ ಅಕ್ಷರಗಳನ್ನು ಹೂಗಳ ನಡುವೆ ಬಿಡಿಸಿ ಪೆಟ್ಟಿಗೆಗಳಿಗೆ ಹೊದಿಸಿದ. ಉದ್ದೇಶ ನಕಲಿ ಮಾಲಿಗೆ ತಡೆ. 1960ರ ದಶಕದ ಆರಂಭದಲ್ಲಿ ಕಸಾಂಡ್ರ ಎಂಬ ಕಲಾವಿದ ವಸ್ತ್ರವಿನ್ಯಾಸಕ ಈವ್ ಸ್ಯಾಂ ಲೊರಾನ್‌ಗಾಗಿ ಮೂರು ಅಕ್ಷರಗಳನ್ನು ಒಂದರ ಕೆಳಗೊಂದು ಇಳಿಬಿಟ್ಟು ಹೆಣೆದ.

ಭಾರತ ಮತ್ತು ಕರ್ನಾಟಕ

ಒತ್ತಕ್ಷರವುಳ್ಳ ನಮ್ಮ ಲಿಪಿಗಳಲ್ಲಿ ಅಕ್ಷರದ ಕೆಳಗೆ ಅಕ್ಷರ ಕೂರುವುದು ದಿನನಿತ್ಯದ ಬರವಣಿಗೆ. ನೇಪಾಳದ ನೇವಾರರು ರಂಜನಾ ಲಿಪಿಯ ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸುವ ಈ ಕಲೆಗೆ ‘ಕೂಟಾಕ್ಷರ’ ಎನ್ನುತ್ತಾರೆ. ಟಿಬೆಟಿನ ಬೌದ್ಧರ ಕಾಲಚಕ್ರ ಚಿಹ್ನೆಯೂ ಹ, ಕ್ಷ, ಮ, ಲ, ವ, ರ, ಯ ಎಂಬ ಏಳು ಅಕ್ಷರಗಳ ಹೆಣಿಗೆಯೇ.

ವಿಜಯನಗರದ ತಾಮ್ರಶಾಸನಗಳ ಸಂಸ್ಕೃತ ಪಠ್ಯ ನಾಗರಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕನ್ನಡ ಅಕ್ಷರಗಳಲ್ಲಿರುತ್ತದೆ. ಅರಸ ತನ್ನ ಹೆಸರಿನ ಬದಲು ದೇವರ ಹೆಸರನ್ನೇ ರುಜುವಾಗಿಸಿಕೊಂಡ ಪದ್ಧತಿಯಿದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ, ಇಕ್ಕೇರಿ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯ ಬರಹವನ್ನಷ್ಟೇ ತೆಗೆದು ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಚುಕ್ಕಿಗಳ ಹಾಸಿನ ಮೇಲೆ ಒತ್ತಿಸಿದ. ಒಂಟಿ ಅಕ್ಷರವಾದ್ದರಿಂದ ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಮೊನೊಗ್ರಾಮ್ ಅಲ್ಲ. ಆದರೆ ಜನರ ನಂಬಿಕೆಯ ನಾಣ್ಯ ಕೆಡದಂತೆ ಹೊಸ ಆಳ್ವಿಕೆಯನ್ನು ಸಾರಲು ಒಂದಕ್ಷರ ಸಾಕಾಯಿತು. ಆಧುನಿಕ ಕಾಲದಲ್ಲಿ ರವೀಂದ್ರನಾಥ ಟ್ಯಾಗೋರರ ಮರದ ಮೊಹರಿನಲ್ಲಿ ಬಂಗಾಳಿ ರ ಮತ್ತು ಠ ಅಕ್ಷರಗಳು ಬೆಸೆದುಕೊಂಡಿವೆ.

ಕನ್ನಡದಲ್ಲಿ ಇನಿಷಿಯಲ್‌ಗಳು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಒಂದಾದವು. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಇಂಗ್ಲಿಷಿನಲ್ಲಿ ಮೂರು ಬಿಡಿ ಅಕ್ಷರ; ಕನ್ನಡದಲ್ಲಿ ‘ಕುವೆಂಪು’ ಎಂಬ ಬಾಯ್ತುಂಬುವ ಹೆಸರು. ನಮ್ಮ ಮೊದಲಕ್ಷರ ತನ್ನ ಸ್ವರವನ್ನು ಬಿಟ್ಟು ಬರುವುದಿಲ್ಲ. ಪುತಿನ, ತರಾಸು, ಅನಕೃ ಇದೇ ದಾರಿಯವು. ಮನೆಮನೆಯಲ್ಲೂ ಈ ರೂಢಿಯಿದೆ: ಪಾತ್ರೆ ಅಂಗಡಿಯಲ್ಲಿ ಕೊಂಡ ಸ್ಟೀಲ್ ಕೊಳಗದ ಕಂಠದ ಮೇಲೆ ಇನಿಷಿಯಲ್ ಹೊಡೆಸುತ್ತಾರೆ. ಮದುವೆಗೆ, ತಿಥಿಗೆ ಊರ ಮನೆಗಳನ್ನೆಲ್ಲ ಸುತ್ತಿದ ಕೊಳಗ ಆ ಚುಕ್ಕಿಯಕ್ಷರದ ಬಲದಿಂದ ತನ್ನ ಅಡುಗೆಮನೆಗೆ ಮರಳುತ್ತದೆ.

ರಚನೆಯ ಕ್ರಮ

ಲ್ಯಾಟಿನ್‌ನ ಎ, ಎಚ್, ಎಂ ಅಕ್ಷರಗಳು ಎಡಬಲ ಸಮವಾಗಿರುವುದರಿಂದ ಬೇಗ ಹೊಂದುತ್ತವೆ. ಕನ್ನಡದ ಬಲ ಬೇರೆ ಕಡೆ ಇದೆ. ತಲೆಕಟ್ಟು ಹಲವು ಅಕ್ಷರಗಳಿಗೆ ಸಾಮಾನ್ಯವಾದ್ದರಿಂದ ಎರಡಕ್ಷರ ಒಂದೇ ತಲೆಕಟ್ಟಿನಡಿ ನಿಲ್ಲಬಲ್ಲವು. ಒಂದರ ದುಂಡು ಹೊಟ್ಟೆಯೊಳಗೆ ಇನ್ನೊಂದಕ್ಕೆ ಜಾಗವಿರುತ್ತದೆ. ಕೊಂಬು, ಏತ್ವ, ಸೊನ್ನೆಗಳನ್ನು ಬಳ್ಳಿಯಂತೆ ಎಳೆದು ಇನ್ನೊಂದು ಅಕ್ಷರವನ್ನು ಹಿಡಿಯಬಹುದು. ಅಪಾಯವಿರುವುದು ಕುಗ್ಗಿಸುವಾಗ. ದ ಮತ್ತು ಧ ಅಕ್ಷರಗಳಿಗಿರುವ ಅಂತರ ಶಾಲೆಯಲ್ಲಿ ‘ಹೊಟ್ಟೆ ಸೀಳುವುದು’ ಎಂದು ಹೇಳಿಕೊಡುವ ಆ ಸಣ್ಣ ಗೀಟು ಮಾತ್ರ. ಮೊಹರಿನ ಶಾಯಿಯಲ್ಲಿ ಅದು ಮುಚ್ಚಿಹೋದರೆ ಧನಂಜಯನ ಗುರುತು ದಯಾನಂದನದಾಗುತ್ತದೆ. ಆದ್ದರಿಂದ ಒಂದೇ ಬಣ್ಣದಲ್ಲಿ, ಅಂಗಿಯ ಗುಂಡಿಯಷ್ಟು ಸಣ್ಣದಾಗಿ ಬರೆದು ನೋಡುವುದು ಮೊದಲ ಪರೀಕ್ಷೆ. ಅಷ್ಟರಲ್ಲೂ ಓದಲು ಬಂದರೆ ಆ ಗುರುತನ್ನು ತನ್ನ ಕೆಲಸದ ಮೇಲೆ ಹಾಕಬಹುದು. ಹಾಕಿದ ಮೇಲೆ ಕೆಲಸಕ್ಕೆ ಹೊಣೆ ಹೊರಬೇಕಾದವನು ಆ ಅಕ್ಷರಗಳ ಒಡೆಯನೇ.