ನಮ್ಮ ಕೊಳೆ, ಕೋಲಾರದ ಕೆರೆ

ಇಂದಿರಾನಗರದ ಫ್ಲಾಟಿನಲ್ಲಿ ಬೆಳಿಗ್ಗೆ ಸ್ನಾನ ಮಾಡಿದ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಒಂದು ಪಾಲು ಕೋಲಾರದ ರೈತರ ಕೆರೆಗಳಿಗೆ.

1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕ ದಂಡು ಕಟ್ಟಿದಾಗ ಸೈನಿಕರು ಕುಡಿದಿದ್ದು ಸುತ್ತಲಿನ ಕೆರೆ-ಬಾವಿಗಳ ನೀರು. 1896ರ ಹೊತ್ತಿಗೆ ಹೆಸರಘಟ್ಟದ ನಲ್ಲಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆ ನಮಗೆ ಚರಂಡಿಯಾಯ್ತು. ಹಲಸೂರು, ದೊಮ್ಮಲೂರು ಕಡೆಯ ಕೊಳಚೆ ಚಲ್ಲಘಟ್ಟ ಕಣಿವೆಯಲ್ಲಿ ಇಳಿದು, ಬೆಳ್ಳಂದೂರು ಕೆರೆ ನೊರೆ ಉಗುಳಿತು.

ಅತ್ತ ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆ ಸೇರಿತು. ಮುಂದಿನ ತಿಂಗಳೇ ಅಲ್ಲೂ ನೊರೆ. ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ಮತ್ತೆ ಹರಿಯಿತು. ಒಣಗಿದ್ದ ಕೆರೆಗಳು ತುಂಬಿದವು, ಬೋರ್‌ವೆಲ್‌ಗಳಿಗೆ ಜೀವ ಬಂತು. ಆದ್ರೆ ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿತು. ಮೂರನೇ ಹಂತವೂ ಆಗಲಿ ಅಂತ ರೈತರು ಕೇಳ್ತಾನೇ ಬಂದಿದ್ದಾರೆ.

ಅಲ್ಲಿ ಬೆಳೆದ ಟೊಮೇಟೊ ವಾಪಸ್ ಬರೋದು ನಮ್ಮ ಅಡುಗೆಮನೆಗೇ. ಮೂರನೇ ಹಂತದ ಖರ್ಚು ಯಾರದು ಅನ್ನೋ ಮೊದಲು, ಕೊಳೆ ಯಾರದು ಅಂತ ಕೇಳ್ಕೊಳ್ಳೋಣ.