ಗದಗ ಸೀಮೆಯ ಖಾನಾವಳಿ ಪಲ್ಯಗಳು: ಶ್ರಾವಕರು ಕೇಳಿ ತಿಳಿಯಬೇಕಾದುದು

ಲಕ್ಕುಂಡಿಯ ಬ್ರಹ್ಮ ಜಿನಾಲಯ, ಲಕ್ಷ್ಮೇಶ್ವರದ ಶಂಖ ಬಸದಿಗಳ ದರ್ಶನಕ್ಕೆ ಬರುವ ಶ್ರಾವಕರು ಊಟಕ್ಕೆ ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ ಕಡೆಯ ಲಿಂಗಾಯತ ಖಾನಾವಳಿಗಳಿಗೆ ಹೋಗುವುದುಂಟು. ಅಲ್ಲಿನ ಅಡುಗೆ ಸಸ್ಯಾಹಾರವೇ ಆದರೂ ಜೈನ ಆಹಾರ ನಿಯಮಕ್ಕೆ ಅಷ್ಟೇ ಸಾಲದು.

ಬೇರೆಡೆ ‘ಕರಿ’ ಎಂದು ಕರೆಯುವುದಕ್ಕೆ ಇಲ್ಲಿ ಒಂದೇ ಹೆಸರಿಲ್ಲ. ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಮಡಕಿ, ಹೆಸರಿನದು ಕಾಳುಪಲ್ಯ. ಕಡಲೆಹಿಟ್ಟಿನದು ಝುಣಕ; ಅದರ ಒಗ್ಗರಣೆಗೆ ಸಾಮಾನ್ಯವಾಗಿ ಉಳ್ಳಾಗಡ್ಡಿ ಬೀಳುತ್ತದೆ. ಹುಳಿಸೊಪ್ಪಿನ ಪುಂಡಿಪಲ್ಯಕ್ಕಂತೂ ಬಳ್ಳೊಳ್ಳಿಯ ಒಗ್ಗರಣೆಯೇ ಜೀವ. ಎಣಗಾಯಿಗೆ ಶೇಂಗಾ, ಗುರೆಳ್ಳಿನ ಪುಡಿ ತುಂಬುತ್ತಾರೆ; ಬದನೆಯನ್ನು ಬಹುಬೀಜವೆಂದು ಬಿಟ್ಟವರಿಗೆ ಅದು ಹೇಗೂ ವರ್ಜ್ಯ.

“ಉಳ್ಳಾಗಡ್ಡಿ ಹಾಕಬ್ಯಾಡ್ರಿ” ಎಂದಷ್ಟೇ ಹೇಳಿದರೆ ಕೆಲಸ ಮುಗಿಯುವುದಿಲ್ಲ. ಹೆಚ್ಚಿದ ಉಳ್ಳಾಗಡ್ಡಿ ಬಿಟ್ಟರೂ, ಮೊದಲೇ ಕುಟ್ಟಿಟ್ಟ ಮಸಾಲಿ ಖಾರದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಇರುವುದು ಸಾಮಾನ್ಯ. ಬಡಿಸುವವರಿಗೆ ಅದು ನೆನಪೂ ಇರುವುದಿಲ್ಲ, ಸುಳ್ಳು ಹೇಳಿದಂತೆಯೂ ಅಲ್ಲ. ಶೇಂಗಾ ಹಿಂಡಿಗೂ ಬಳ್ಳೊಳ್ಳಿ ಹಾಕುತ್ತಾರೆ. ಆದ್ದರಿಂದ ಅಡುಗೆಯವರನ್ನೇ ಕರೆದು ಖಾರದ ವಿಷಯ ಕೇಳಬೇಕು. ಬರೀ ಮೆಣಸಿನಕಾಯಿ ಪುಡಿ, ಜೀರಿಗೆ, ಅರಿಶಿಣ ಹಾಕಿ ಹೆಸರುಕಾಳಿನ ಪಲ್ಯ ಮಾಡಿಕೊಡಲು ಹೇಳುವುದು ಸುಲಭದ ದಾರಿ.

ಇನ್ನೊಂದು ಎಚ್ಚರ ಮೊಸರಿನದು. ಕೇಳದಿದ್ದರೂ ಅದು ತಾಟಿಗೆ ಬರುತ್ತದೆ. ಕಾಳುಪಲ್ಯ, ಝುಣಕದೊಂದಿಗೆ ಕಾಯಿಸದ ಮೊಸರು ಬೆರೆತರೆ ದ್ವಿದಳ ದೋಷ. ನಿಯಮ ಪಾಲಿಸುವವರು ಬಡಿಸುವ ಮೊದಲೇ ಬೇಡವೆನ್ನಬೇಕು. ಸೂರ್ಯಾಸ್ತದೊಳಗೆ ಉಣ್ಣುವವರು ಸಂಜೆಯ ಊಟವನ್ನು ಮಧ್ಯಾಹ್ನವೇ ಹೇಳಿಡುವುದು ಒಳ್ಳೆಯದು.