ಮರದಚ್ಚಿನ ಕಲೆ: ಭಾರತದಲ್ಲಿ ಬಟ್ಟೆ ಮತ್ತು ಕಾಗದದ ಮೇಲೆ ಅಚ್ಚೊತ್ತುವಿಕೆಯ ಇತಿಹಾಸ

ಕೆತ್ತಿದ ಮರದ ತುಂಡನ್ನು ಬಣ್ಣದಲ್ಲಿ ಅದ್ದಿ, ಬಟ್ಟೆಯ ಅಥವಾ ಕಾಗದದ ಮೇಲೆ ಕೈಯಿಂದ ಒತ್ತಿ ಚಿತ್ತಾರ ಮೂಡಿಸುವ ಕಲೆಗೆ ಮರದಚ್ಚಿನ ಕಲೆ ಎಂದು ಹೆಸರು. ಭಾರತದಲ್ಲಿ ಇದು ಮುಖ್ಯವಾಗಿ ಹತ್ತಿ ಬಟ್ಟೆಯನ್ನು ಆಶ್ರಯಿಸಿ ಬೆಳೆಯಿತು. ಶುಭಾಶಯ ಪತ್ರ, ಉಡುಗೊರೆಯ ಹೊದಿಕೆ, ತೋರಣ, ದೀಪದ ಮರೆ ಮೊದಲಾದ ಕಾಗದದ ಅಲಂಕಾರಗಳಿಗೆ ವಿಸ್ತರಿಸಿದ್ದು ತೀರ ಈಚೆಗೆ. ಆದರೆ ಇಂದು ಜಗತ್ತಿನ ಹಲವೆಡೆ ಹವ್ಯಾಸಿಗಳು ರಬ್ಬರಿನ ಅಚ್ಚು ಮತ್ತು ಶಾಯಿಯಿಂದ ಪತ್ರಗಳ ಮೇಲೆ ಒತ್ತುವ ಮಾವಿನಕಾಯಿಯಾಕಾರದ ಬುಟ್ಟಾ, ಬಳ್ಳಿಯಂಚು, ಕಮಲ, ನವಿಲು, ಆನೆ ಮುಂತಾದ ಭಾರತೀಯ ಚಿತ್ತಾರಗಳಲ್ಲಿ ಬಹುಪಾಲು ಬಟ್ಟೆ ಮುದ್ರಕರ ಅಚ್ಚುಮನೆಗಳಲ್ಲಿ ರೂಪುಗೊಂಡವು. ಹೀಗಾಗಿ ಕಾಗದದ ಮೇಲಿನ ಕಲೆಯ ಚರಿತ್ರೆಯನ್ನು ಬಟ್ಟೆಯ ಚರಿತ್ರೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಪ್ರಾಚೀನ ಹಿನ್ನೆಲೆ

ಒಂದೇ ಆಕೃತಿಯನ್ನು ಮತ್ತೆ ಮತ್ತೆ ಒತ್ತಿ ಮೂಡಿಸುವ ಕ್ರಮ ಭಾರತ ಉಪಖಂಡದಲ್ಲಿ ಸಿಂಧೂ ನಾಗರಿಕತೆಯ ಕಾಲದಷ್ಟು ಹಳೆಯದು. ಮೆದುಗಲ್ಲಿನಲ್ಲಿ ಕೊರೆದ ಆ ಕಾಲದ ಮುದ್ರೆಗಳನ್ನು ಹಸಿ ಮಣ್ಣಿನ ಮೇಲೆ ಒತ್ತಿ, ಸರಕಿನ ಮೂಟೆಗಳಿಗೆ ಗುರುತು ಹಾಕುತ್ತಿದ್ದರು. ಮೊಹೆಂಜೊದಾರೋದ ಉತ್ಖನನದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದಿದ್ದ ಹತ್ತಿ ಬಟ್ಟೆಯ ಚೂರು, ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪು ಬಣ್ಣ ಹಿಡಿದದ್ದೆಂದು ಪರೀಕ್ಷೆಯಿಂದ ತಿಳಿದುಬಂದಿದೆ. ಆ ಬಣ್ಣ ಹತ್ತಿಯಲ್ಲಿ ನಿಲ್ಲಬೇಕಾದರೆ ಬಣ್ಣವನ್ನೂ ನೂಲನ್ನೂ ಬೆಸೆಯುವ ಲವಣವೊಂದು ಬೇಕಾದ್ದರಿಂದ, ಮುಂದಿನ ಅಚ್ಚು ಮುದ್ರಣಕ್ಕೆ ಅಡಿಪಾಯವಾದ ರಾಸಾಯನಿಕ ಜ್ಞಾನ ಆಗಲೇ ಇತ್ತೆಂದು ವಿದ್ವಾಂಸರು ಭಾವಿಸುತ್ತಾರೆ. ಮುದ್ರೆಯೊತ್ತುವ ಕ್ರಮ ಆಡಳಿತದಲ್ಲೂ ಇತ್ತು: ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪ್ರಯಾಣಿಕರಿಗೆ ಮುದ್ರೆಯೊತ್ತಿದ ರಹದಾರಿ ನೀಡುವ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಉಲ್ಲೇಖವಿದೆ.

ಅಚ್ಚೊತ್ತಿದ ಭಾರತೀಯ ಬಟ್ಟೆಗೆ ಸಿಗುವ ಸ್ಪಷ್ಟ ಸಾಕ್ಷ್ಯ ಮಾತ್ರ ದೇಶದ ಹೊರಗಿನದು. ಭಾರತದ ತೇವಭರಿತ ಹವೆಯಲ್ಲಿ ಬಟ್ಟೆ ಬೇಗ ಜೀರ್ಣವಾಗುತ್ತದೆ. ಈಜಿಪ್ಟಿನ ಒಣ ಮಣ್ಣಿನಲ್ಲಿ ಅದು ಉಳಿಯಿತು. ಹಳೆಯ ಕೈರೋ ನಗರದ ಫುಸ್ತಾತ್ ಎಂಬಲ್ಲಿ ದೊರೆತ ನೂರಾರು ತುಣುಕುಗಳು ಗುಜರಾತಿನಲ್ಲಿ ಮುದ್ರಿತವಾಗಿ ಕೆಂಪು ಸಮುದ್ರದ ದಾರಿಯಾಗಿ ಅಲ್ಲಿಗೆ ತಲುಪಿದವೆಂದು ಫ್ರಾನ್ಸಿನ ವಿದ್ವಾಂಸ ಆರ್. ಫಿಸ್ಟರ್ 1938ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿರೂಪಿಸಿದರು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿರುವ ನ್ಯೂಬೆರಿ ಸಂಗ್ರಹದ ಸುಮಾರು 1,200 ತುಣುಕುಗಳನ್ನು ರೂತ್ ಬಾರ್ನ್ಸ್ 1997ರಲ್ಲಿ ವಿವರವಾಗಿ ಪಟ್ಟಿಮಾಡಿದರು. ವಿಕಿರಣ ಇಂಗಾಲದ ಪರೀಕ್ಷೆ ಅವುಗಳಲ್ಲಿ ಕೆಲವು 9–10ನೆಯ ಶತಮಾನದಷ್ಟು ಹಳೆಯವೆಂದು ತೋರಿಸಿತು. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ತೋರಾಜಾ ಜನ ಪೂಜ್ಯ ವಸ್ತುವೆಂದು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಗುಜರಾತಿ ಬಟ್ಟೆಗಳೂ ಇದೇ ಚಿತ್ತಾರಗಳ ಬಳಗಕ್ಕೆ ಸೇರಿದವು. ರಾಜಮನೆತನದ ಪಟ್ಟೆ ಪೀತಾಂಬರಗಳಿಗಿಂತ ಭಿನ್ನವಾಗಿ, ಸಾಮಾನ್ಯರು ದಿನಬಳಕೆಗೆ ಕೊಂಡ ಬಟ್ಟೆಯೂ ಸಮುದ್ರ ದಾಟುವಷ್ಟು ಬೇಡಿಕೆಯಲ್ಲಿತ್ತೆಂಬುದು ಈ ತುಣುಕುಗಳಿಂದ ತಿಳಿಯುವ ಮಹತ್ವದ ಸಂಗತಿ.

ಅಚ್ಚಿನ ರಚನೆ

ಅಚ್ಚಿಗೆ ತೇಗ ಅಥವಾ ಬೀಟೆಯ ಜಾತಿಯ ಶೀಶಮ್ ಮರವನ್ನು ಬಳಸುತ್ತಾರೆ. ಚೆನ್ನಾಗಿ ಒಣಗಿಸಿ ಸಮತಟ್ಟು ಮಾಡಿದ ಮರದ ಮುಖಕ್ಕೆ ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಚಿತ್ತಾರವನ್ನು ಗುರುತಿಸಿ, ಸಣ್ಣ ಉಳಿ ಮತ್ತು ಬಿಲ್ಲಿನಿಂದ ತಿರುಗುವ ಬೈರಿಗೆಯಿಂದ ಬೇಡವಾದ ಭಾಗವನ್ನು ತೆಗೆಯಲಾಗುತ್ತದೆ. ಬಣ್ಣ ಹತ್ತುವ ಗೆರೆ ಮಾತ್ರ ಉಬ್ಬಿ ನಿಲ್ಲುತ್ತದೆ. ಅಚ್ಚಿನ ಬೆನ್ನಿನವರೆಗೆ ಕೊರೆದ ಸಣ್ಣ ರಂಧ್ರಗಳು ಒತ್ತುವಾಗ ಸಿಕ್ಕಿಬೀಳುವ ಗಾಳಿಗೂ ಹೆಚ್ಚಾದ ಬಣ್ಣಕ್ಕೂ ದಾರಿ ಮಾಡಿಕೊಡುತ್ತವೆ. ಕೆತ್ತನೆ ಮುಗಿದ ಅಚ್ಚನ್ನು ಹಲವು ದಿನ ಎಣ್ಣೆಯಲ್ಲಿ ನೆನೆಸಿಟ್ಟರೆ ಅದು ನೀರು ಹೀರಿ ಸೀಳುವುದಿಲ್ಲ.

ಬಹುವರ್ಣದ ಒಂದು ಚಿತ್ತಾರಕ್ಕೆ ಒಂದೇ ಅಚ್ಚು ಸಾಲದು. ಹೊರಗೆರೆ ಮೂಡಿಸುವ ಅಚ್ಚಿಗೆ ರೇಖ್ ಎಂದೂ, ಗೆರೆಯೊಳಗೆ ಬಣ್ಣ ತುಂಬುವ ಅಚ್ಚಿಗೆ ದತ್ತಾ ಎಂದೂ, ಹಿನ್ನೆಲೆಯನ್ನು ತುಂಬುವ ಅಚ್ಚಿಗೆ ಗದ್ ಎಂದೂ ಪಶ್ಚಿಮ ಭಾರತದ ಮುದ್ರಕರು ಹೇಳುತ್ತಾರೆ. ಇವೆಲ್ಲ ಕೂದಲೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಕೂಡಬೇಕಾದ್ದರಿಂದ ಅಚ್ಚಿನ ಅಂಚಿನಲ್ಲಿ ಗುರುತಿನ ಚುಕ್ಕೆಗಳನ್ನು ಇಟ್ಟಿರುತ್ತಾರೆ. ಗಾಂಧಿನಗರದ ಸಮೀಪದ ಪೇಥಾಪುರ ಮತ್ತು ಉತ್ತರ ಪ್ರದೇಶದ ಫರೂಖಾಬಾದ್ ಅಚ್ಚು ಕೆತ್ತುವವರ ಊರುಗಳೆಂದೇ ಹೆಸರಾದವು. ಕೆತ್ತುವವರು, ಒತ್ತುವವರು, ಬಣ್ಣ ಅದ್ದುವವರು, ಒಗೆಯುವವರು ಹೀಗೆ ಹಲವು ಕುಶಲಿಗರ ಸರಪಳಿಯಿಂದ ಬಟ್ಟೆ ಸಿದ್ಧವಾಗುತ್ತದೆಯಾದ್ದರಿಂದ ಇದನ್ನು ಒಬ್ಬ ಕಲಾವಿದನ ಕೃತಿಯೆಂದು ಎಣಿಸುವುದು ಸರಿಯಾಗದು.

ಬಣ್ಣಗಳ ರಸಾಯನ

ಕಾಗದದ ಮೇಲೆ ಒತ್ತುವ ಶಾಯಿ ತಾನೇ ಬಣ್ಣವಾಗಿರುತ್ತದೆ. ಸಾಂಪ್ರದಾಯಿಕ ಬಟ್ಟೆ ಮುದ್ರಣದಲ್ಲಿ ಹಾಗಲ್ಲ. ಅಲ್ಲಿ ಅಚ್ಚಿನಿಂದ ಒತ್ತುವುದು ಬಹುಮಟ್ಟಿಗೆ ವರ್ಣಬಂಧಕವನ್ನು, ಅಂದರೆ ಬಣ್ಣವನ್ನು ನೂಲಿಗೆ ಕಚ್ಚಿಸುವ ಲೋಹದ ಲವಣವನ್ನು. ಬಟ್ಟೆಯನ್ನು ಮೊದಲು ಅಳಲೆಕಾಯಿಯ ಪುಡಿ ಕದಡಿದ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಅದರ ಒಗರಿನ ಅಂಶವಾದ ಟ್ಯಾನಿನ್ ನೂಲಿನಲ್ಲಿ ಸೇರಿಕೊಳ್ಳುತ್ತದೆ. ಬಳಿಕ ಕೆಂಪು ಬೇಕಾದ ಕಡೆ ಪಟಿಕದ ಗೋಂದುಮಿಶ್ರಿತ ದ್ರಾವಣವನ್ನೂ, ಕಪ್ಪು ಬೇಕಾದ ಕಡೆ ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಿನಲ್ಲಿ ದಿನಗಟ್ಟಲೆ ಹುಳಿ ಬರಿಸಿ ತಯಾರಿಸಿದ ದ್ರಾವಣವನ್ನೂ ಒತ್ತುತ್ತಾರೆ. ಕಬ್ಬಿಣ ಟ್ಯಾನಿನ್ನಿಗೆ ತಗುಲಿದೊಡನೆ ಕಪ್ಪಾಗುತ್ತದೆ. ಪಟಿಕಕ್ಕೆ ಸ್ವಂತ ಬಣ್ಣವಿಲ್ಲವಾದ್ದರಿಂದ ಎಲ್ಲಿ ಒತ್ತಲಾಗಿದೆಯೆಂದು ಕಾಣುವಂತೆ ಅದಕ್ಕೆ ಸ್ವಲ್ಪ ಕಾವಿಮಣ್ಣು ಬೆರೆಸುವುದುಂಟು. ಕೊನೆಗೆ ಬಟ್ಟೆಯನ್ನು ಮಂಜಿಷ್ಠ ಮುಂತಾದ ಬೇರಿನ ಬಣ್ಣದಲ್ಲಿ ಕುದಿಸಿದಾಗ ಪಟಿಕವಿದ್ದಲ್ಲಿ ಕೆಂಪು ಬಲಿಯುತ್ತದೆ, ಲವಣವಿಲ್ಲದ ಕಡೆ ಹತ್ತಿದ ತೆಳು ಬಣ್ಣ ಒಗೆತ ಮತ್ತು ಬಿಸಿಲಿನಿಂದ ಕಳೆದುಹೋಗುತ್ತದೆ.

ನೀಲಿಯ ಕ್ರಮ ಇದಕ್ಕೆ ವಿರುದ್ಧವಾದುದು. ನೀಲಿ ಗಿಡದ ಬಣ್ಣ ವರ್ಣಬಂಧಕವನ್ನು ಬೇಡುವುದಿಲ್ಲವಾದರೂ ಇಡೀ ಬಟ್ಟೆಯನ್ನು ತೊಟ್ಟಿಯಲ್ಲಿ ಅದ್ದಬೇಕಾಗುತ್ತದೆ. ಆದ್ದರಿಂದ ನೀಲಿ ಬೇಡವಾದ ಭಾಗಕ್ಕೆ ಮಣ್ಣು, ಸುಣ್ಣ, ಗೋಂದು ಇತ್ಯಾದಿಗಳ ಕಲಸನ್ನು ಅಚ್ಚಿನಿಂದ ಒತ್ತಿ ತಡೆ ಕಟ್ಟುತ್ತಾರೆ. ರಾಜಸ್ಥಾನದಲ್ಲಿ ದಾಬೂ ಎಂದು ಕರೆಯುವ ಈ ತಡೆ ಮುದ್ರಣದಲ್ಲಿ ಕೆಸರಿನ ಮೇಲೆ ಮರದ ಹೊಟ್ಟು ಉದುರಿಸಿ ಒಣಗಿಸುವ ರೂಢಿಯಿದೆ.

ಪ್ರಮುಖ ಕೇಂದ್ರಗಳು

ಪ್ರತಿ ಕೇಂದ್ರದ ಶೈಲಿಯನ್ನು ಅಲ್ಲಿನ ನೀರು, ಮಣ್ಣು ಮತ್ತು ಕೊಳ್ಳುವ ಜನ ರೂಪಿಸಿದರು. ಜಯಪುರದ ಸಮೀಪದ ಸಾಂಗಾನೇರದ ಛೀಪಾ ಸಮುದಾಯದ ಮುದ್ರಕರು ಬಿಳಿಯ ನೆಲದ ಮೇಲೆ ನಯವಾದ ಹೂಬುಟ್ಟಾಗಳನ್ನು ಮೂಡಿಸಿದರೆ, ಅದೇ ಸಮುದಾಯದವರಿರುವ ಬಗರೂ ಊರಿನಲ್ಲಿ ಕೆನೆಬಣ್ಣದ ನೆಲದ ಮೇಲೆ ಕೆಂಪು ಕಪ್ಪುಗಳ ದಪ್ಪ ಚಿತ್ತಾರಗಳು ಬೆಳೆದವು. ಕಚ್ಛ್ ಮತ್ತು ಸಿಂಧ್ ಪ್ರದೇಶಗಳ ಖತ್ರಿ ಕುಶಲಿಗರ ಅಜ್ರಖ್ ಬಟ್ಟೆ ನೀಲಿ, ಕೆಂಪು, ಕಪ್ಪು, ಬಿಳಿಗಳ ನಕ್ಷತ್ರ ಮತ್ತು ಜಾಲರಿ ವಿನ್ಯಾಸಗಳಿಗೆ ಪ್ರಸಿದ್ಧವಾಗಿದೆ. ಮಧ್ಯಪ್ರದೇಶದ ಬಾಘ್ ಇನ್ನೊಂದು ಮುಖ್ಯ ಕೇಂದ್ರ. ಆಂಧ್ರದ ಮಚಲೀಪಟ್ಟಣ ಮತ್ತು ಅದರ ಬಳಿಯ ಪೆಡನ ಊರಿನಲ್ಲಿ, ಗೋಲ್ಕೊಂಡದ ಕುತುಬ್‌ಶಾಹಿಗಳ ಕಾಲದ ಪರ್ಷಿಯನ್ ಸಂಪರ್ಕದಿಂದ ಬಳ್ಳಿ ಮತ್ತು ಜೀವವೃಕ್ಷದ ವಿನ್ಯಾಸಗಳು ಬಲಗೊಂಡವು. ಕಲಂಕಾರಿ ಎಂಬ ಚಿತ್ತಾರದ ಬಟ್ಟೆಯನ್ನು ಶ್ರೀಕಾಳಹಸ್ತಿಯಲ್ಲಿ ಲೇಖನಿಯಿಂದ ಬರೆದರೆ ಇಲ್ಲಿ ಅಚ್ಚಿನಿಂದ ಒತ್ತುತ್ತಾರೆ.

ಸಮುದ್ರವ್ಯಾಪಾರ ಮತ್ತು ಯೂರೋಪಿನ ಅನುಕರಣೆ

17ನೆಯ ಶತಮಾನದಲ್ಲಿ ಯೂರೋಪಿನ ಕಂಪನಿಗಳು ಒಯ್ದ ಚೀಟಿ ಎಂಬ ಚಿತ್ತಾರದ ಹತ್ತಿ ಬಟ್ಟೆ ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರ ಮಾರುಕಟ್ಟೆಯನ್ನೇ ಅಲುಗಿಸಿತು. ತೊಳೆದರೂ ಬಣ್ಣ ಬಿಡದ ಹತ್ತಿ ಬಟ್ಟೆ ಅಲ್ಲಿನ ಜನರಿಗೆ ಹೊಸದು. ನೇಕಾರರ ಪ್ರತಿಭಟನೆಗೆ ಮಣಿದು ಫ್ರಾನ್ಸ್ 1686ರಲ್ಲಿ ಇಂಥ ಬಟ್ಟೆಯನ್ನು ನಿಷೇಧಿಸಿ 1759ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತು. ಇಂಗ್ಲೆಂಡ್ 1700ರ ಕಾಯಿದೆಯಿಂದ ಆಮದನ್ನೂ 1721ರ ಕಾಯಿದೆಯಿಂದ ಬಳಕೆಯನ್ನೂ ತಡೆಯಿತು. ನಿಷೇಧದ ನಡುವೆಯೇ ವಿದ್ಯೆಯನ್ನು ಒಯ್ಯುವ ಯತ್ನ ನಡೆಯಿತು: ದಕ್ಷಿಣ ಭಾರತದಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಕೂರ್ದೂ 1742ರಲ್ಲಿ ಬರೆದ ಪತ್ರದಲ್ಲಿ ಕೋರಮಂಡಲದ ಬಣ್ಣಗಾರರ ಕ್ರಮವನ್ನು ಹಂತಹಂತವಾಗಿ ವಿವರಿಸಿದ. 1783ರಲ್ಲಿ ಥಾಮಸ್ ಬೆಲ್ ಹಕ್ಕುಪತ್ರ ಪಡೆದ ತಾಮ್ರದ ಉರುಳೆಯ ಯಂತ್ರ, 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಪ್ರಯೋಗಾಲಯದಲ್ಲಿ ತಯಾರಿಸಿದ ಅಲಿಜರಿನ್ ಎಂಬ ಕೃತಕ ಕೆಂಪು ಹಾಗೂ 1897ರಲ್ಲಿ ಮಾರುಕಟ್ಟೆಗೆ ಬಂದ ಕೃತಕ ನೀಲಿ ಇವು ಒಂದರ ಹಿಂದೊಂದು ಬಂದಾಗ, ಕಲಿಸಿದವರೇ ತಮ್ಮ ಮಾರುಕಟ್ಟೆಯನ್ನು ಕಳೆದುಕೊಂಡರು.

ಚಿತ್ತಾರದಿಂದ ಶುಭಾಶಯ ಪತ್ರಕ್ಕೆ

ಬಟ್ಟೆಯ ಚಿತ್ತಾರ ಕಾಗದಕ್ಕೆ ಇಳಿದ ದಾರಿಯಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎರಡು ಕಡೆ ಕಾಣಿಸಿಕೊಳ್ಳುತ್ತಾನೆ. 1843ರಲ್ಲಿ ಕಲಾವಿದ ಜಾನ್ ಕಾಲ್ಕಾಟ್ ಹಾರ್ಸ್‌ಲಿಯಿಂದ ಚಿತ್ರ ಬರೆಸಿ, ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರವೆನಿಸಿದ ಪತ್ರವನ್ನು ಅಚ್ಚು ಹಾಕಿಸಿದವನು ಅವನೇ. 1851ರ ಲಂಡನ್ ಮಹಾಪ್ರದರ್ಶನವನ್ನು ಸಂಘಟಿಸಿ, ಅಲ್ಲಿಂದ ಭಾರತದ ಕುಶಲವಸ್ತುಗಳನ್ನು ವಿನ್ಯಾಸ ಕಲಿಯುವವರಿಗಾಗಿ ಕೊಳ್ಳುವ ಸಮಿತಿಯಲ್ಲಿದ್ದವನೂ ಅವನೇ. ಅದೇ ಪ್ರದರ್ಶನದಲ್ಲಿ ಭಾರತೀಯ ವಸ್ತುಗಳನ್ನು ಕಂಡು ಮೆಚ್ಚಿದ ಓವೆನ್ ಜೋನ್ಸ್ 1856ರಲ್ಲಿ ಪ್ರಕಟಿಸಿದ ಅಲಂಕಾರ ವಿನ್ಯಾಸಗಳ ಗ್ರಂಥದಲ್ಲಿ ಭಾರತದ ಬುಟ್ಟಾ ಮತ್ತು ಬಳ್ಳಿಗಳ ಬಣ್ಣದ ಪುಟಗಳಿದ್ದವು. ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಭಾರತೀಯ ಬಟ್ಟೆಗಳ 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಬ್ರಿಟನ್ನಿನ ಕೈಗಾರಿಕಾ ನಗರಗಳಿಗೆ ಹಂಚಿದ. ಇಂಥ ಗ್ರಂಥಗಳಿಂದ ಎತ್ತಿಕೊಂಡ ವಿನ್ಯಾಸಗಳು ಗೋಡೆಕಾಗದ, ಪುಸ್ತಕದ ಹೊದಿಕೆ, ಪತ್ರಗಳ ಅಂಚು ಎಲ್ಲಕ್ಕೂ ಒದಗಿದವು. ಕೆತ್ತಿದವರ ಊರಿನ ಹೆಸರು ಮಾತ್ರ ಜೊತೆಗೆ ಬರಲಿಲ್ಲ.

ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಚಾರ್ಲ್ಸ್ ಗುಡ್‌ಇಯರನ ವಿಧಾನಕ್ಕೆ 1844ರಲ್ಲಿ ಹಕ್ಕುಪತ್ರ ದೊರೆತ ಬಳಿಕ, 1860ರ ದಶಕದಿಂದ ಅಮೆರಿಕದಲ್ಲಿ ಕಚೇರಿಯ ರಬ್ಬರ್ ಮೊಹರುಗಳು ಬಳಕೆಗೆ ಬಂದವು. ಅದೇ ಮೊಹರನ್ನು ಚಿತ್ರ ಮೂಡಿಸಲು ಬಳಸುವ ಹವ್ಯಾಸ 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಬ್ಬಿತು. ಇದರಲ್ಲಿ ಬಳಸುವ ಶಾಯಿಗಳು ಮುಖ್ಯವಾಗಿ ಎರಡು ಬಗೆ: ಕಾಗದದೊಳಗೆ ಇಂಗಿ ಬೇಗ ಒಣಗುವ, ಆದರೆ ಬೆಳಕಿಗೆ ಮಾಸುವ ಕರಗಿದ ವರ್ಣದ ಶಾಯಿ ಮತ್ತು ಮೇಲ್ಮೈಯಲ್ಲೇ ನಿಂತು ನಿಧಾನವಾಗಿ ಒಣಗುವ, ಹೆಚ್ಚು ಕಾಲ ಬಾಳುವ ಕಣವರ್ಣದ ಶಾಯಿ. ಎರಡನೆಯದರ ಹಸಿ ಗುರುತಿನ ಮೇಲೆ ರಾಳದ ಪುಡಿ ಉದುರಿಸಿ ಬಿಸಿಗಾಳಿ ಹಾಯಿಸಿದರೆ ಪುಡಿ ಕರಗಿ ಗೆರೆ ಉಬ್ಬಿ ನಿಲ್ಲುತ್ತದೆ. ಚಿನ್ನದ ಬಣ್ಣದ ಪುಡಿಯಿಂದ ಜರಿಯಂಚಿನ ಮತ್ತು ಮದರಂಗಿ ಚಿತ್ತಾರದ ಛಾಯೆ ಸುಲಭವಾಗಿ ಬರುವುದರಿಂದ ಭಾರತೀಯ ಮಾದರಿಯ ಪತ್ರಗಳಲ್ಲಿ ಈ ವಿಧಾನ ಪ್ರಿಯವಾಯಿತು.

ಭಾರತದೊಳಗೆ ಕೈಯಿಂದ ಮಾಡಿದ ಪತ್ರಕ್ಕೆ ಘನತೆ ತಂದುಕೊಟ್ಟದ್ದು ಶಾಂತಿನಿಕೇತನ. ಅಲ್ಲಿನ ಕಲಾಭವನದಲ್ಲಿ ಕಲಾವಿದ ನಂದಲಾಲ್ ಬೋಸ್ ಮಿತ್ರರಿಗೂ ಶಿಷ್ಯರಿಗೂ ಅಂಚೆಕಾರ್ಡುಗಳ ಮೇಲೆ ಚಿತ್ರ ಬರೆದು ಕಳುಹಿಸುತ್ತಿದ್ದರು. ಅವರು 1930ರಲ್ಲಿ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಮುದ್ರಿಸಿದ, ಕೋಲು ಹಿಡಿದು ನಡೆಯುವ ಗಾಂಧೀಜಿಯ ಚಿತ್ರ ಅಚ್ಚಿನ ಕಲೆಯ ಶಕ್ತಿಗೆ ನಿದರ್ಶನ. ಬೋಸ್ ಅವರ ಜನ್ಮದಿನದ ಆಸುಪಾಸಿನಲ್ಲಿ ನಡೆಯುವ ನಂದನ ಮೇಳದಲ್ಲಿ ವಿದ್ಯಾರ್ಥಿಗಳು ಮಾಡಿದ ಪತ್ರಗಳು ಇಂದಿಗೂ ಮಾರಾಟಕ್ಕಿರುತ್ತವೆ.

ಕಾಗದದ ಕಥೆ ಸಾಂಗಾನೇರದಲ್ಲಿ ಬಟ್ಟೆಯ ಕಥೆಯೊಡನೆ ಕೂಡಿಕೊಳ್ಳುತ್ತದೆ. ಅಚ್ಚೊತ್ತುವ ಛೀಪಾಗಳಿರುವ ಅದೇ ಊರಿನಲ್ಲಿ ಕೈಕಾಗದ ತಯಾರಿಸುವ ಕಾಗಜಿ ಸಮುದಾಯವೂ ನೆಲೆಸಿದೆ. ಹತ್ತಿ ಬಟ್ಟೆಯ ಚಿಂದಿಯನ್ನು ಅರೆದು ಎತ್ತಿದ ಈ ಕಾಗದದ ಎಳೆ ಉದ್ದವಾದ್ದರಿಂದ ಅಚ್ಚಿನ ಒತ್ತಡವನ್ನು ತಾಳಿಕೊಳ್ಳುತ್ತದೆ. 1934ರಲ್ಲಿ ಗಾಂಧೀಜಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ, ಜೆ. ಸಿ. ಕುಮಾರಪ್ಪನವರ ನೇತೃತ್ವದಲ್ಲಿ, ಅಳಿಯುತ್ತಿದ್ದ ಕೈಕಾಗದಕ್ಕೆ ಮರುಜೀವ ಕೊಟ್ಟಿತು.

ಕರ್ನಾಟಕದ ಸಂಬಂಧ

ಬಟ್ಟೆಯ ಅಚ್ಚು ಮುದ್ರಣದಲ್ಲಿ ಕರ್ನಾಟಕಕ್ಕೆ ಸಾಂಗಾನೇರದಂಥ ಹಳೆಯ ಕೇಂದ್ರದ ಹೆಸರಿಲ್ಲ. ಧಾರವಾಡದ ಕಸೂತಿಯಂತೂ ಬಟ್ಟೆಯ ಎಳೆ ಎಣಿಸಿ ಹೊಲಿಯುವ ಕಲೆಯಾದ್ದರಿಂದ, ಲಖನೌದ ಚಿಕನ್ ಕೆಲಸದಂತೆ ಅಚ್ಚಿನಿಂದ ಮೊದಲು ಗುರುತು ಹಾಕಿಕೊಳ್ಳುವ ಕ್ರಮ ಅದರಲ್ಲಿಲ್ಲ. ಆದರೂ ಒತ್ತಿ ಮೂಡಿಸುವ ರೂಢಿ ಕನ್ನಡಿಗರ ಬದುಕಿಗೆ ಹೊಸದೇನಲ್ಲ. ಮಾಧ್ವರು ಲೋಹದ ಶಂಖ ಚಕ್ರಾದಿ ಮುದ್ರೆಗಳನ್ನು ಗೋಪೀಚಂದನದಲ್ಲಿ ಅದ್ದಿ ನಿತ್ಯ ಮೈಮೇಲೆ ಧರಿಸುತ್ತಾರೆ. ಸಂಕ್ರಾಂತಿಯ ಸಕ್ಕರೆ ಅಚ್ಚುಗಳು ಕೆತ್ತಿದ ಮರದ ಪಡಿಯಚ್ಚಿನಲ್ಲೇ ರೂಪ ಪಡೆಯುತ್ತವೆ. ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿ ಕೊಡುವ ರೂಢಿಯೂ ಇದೆ.

ರಾಷ್ಟ್ರಮಟ್ಟದಲ್ಲಿ ಈ ಕಲೆಯ ಪುನರುಜ್ಜೀವನಕ್ಕೆ ದುಡಿದವರಲ್ಲಿ ಅಗ್ರಗಣ್ಯರಾದ ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಮಂಗಳೂರಿನಲ್ಲಿ ಜನಿಸಿದವರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥೆಯಾಗಿ ಅವರು ಊರೂರು ಸುತ್ತಿ, ಕೆಲಸ ಬಿಟ್ಟಿದ್ದ ಮುದ್ರಕರನ್ನು ಹುಡುಕಿ, ಮಾರುಕಟ್ಟೆ ಒದಗಿಸಲು ಶ್ರಮಿಸಿದರು. ಬೆಂಗಳೂರಿನಲ್ಲಿ 1977ರಲ್ಲಿ ಆರಂಭವಾದ ತರಂಗಿಣಿ ಮುದ್ರಣಾಲಯ ನಗರದಲ್ಲಿ ಮರದಚ್ಚಿನ ಕೆಲಸಕ್ಕೆ ನೆಲೆ ಒದಗಿಸಿತು.

ಇಂದಿನ ಸ್ಥಿತಿ

ಸ್ವಾತಂತ್ರ್ಯಾನಂತರ ಸಂಗ್ರಹ ಮತ್ತು ಅಧ್ಯಯನಕ್ಕೆ ಸಂಸ್ಥೆಗಳು ಹುಟ್ಟಿದವು: ಅಹಮದಾಬಾದಿನ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯ 1949ರಲ್ಲಿ, ಜಯಪುರದ ಆಮೇರಿನ ಅನೋಖಿ ಕೈಮುದ್ರಣ ಸಂಗ್ರಹಾಲಯ 2005ರಲ್ಲಿ ತೆರೆದವು. ಕಚ್ಛಿನ ಧಮಡಕಾ ಊರಿನಲ್ಲಿ ಮೊಹಮ್ಮದ್ ಸಿದ್ದೀಕ್ ಖತ್ರಿಯವರು ಸಸ್ಯವರ್ಣಗಳ ವಿದ್ಯೆಯನ್ನು ಮಕ್ಕಳಿಗೆ ಕಲಿಸಿ ಅಜ್ರಖನ್ನು ಉಳಿಸಿದರು. 2001ರ ಜನವರಿ 26ರ ಭೂಕಂಪದ ಬಳಿಕ ಅಲ್ಲಿನ ನೀರಿನ ಗುಣ ಕೆಟ್ಟದ್ದರಿಂದ ಹಲವು ಕುಟುಂಬಗಳು ಭುಜ್ ನಗರದ ಬಳಿ ಅಜ್ರಖ್‌ಪುರವೆಂಬ ಹೊಸ ಊರನ್ನೇ ಕಟ್ಟಿಕೊಂಡವು. 1999ರ ಭೌಗೋಳಿಕ ಸೂಚಿಕೆ ಕಾಯಿದೆ, ಅಂದರೆ ಊರಿನ ಹೆಸರಿನಲ್ಲಿ ಮಾರುವ ವಸ್ತು ಆ ಊರಿನದೇ ಆಗಿರಬೇಕೆಂಬ ಕಾನೂನು, ಸಾಂಗಾನೇರ, ಬಗರೂ, ಬಾಘ್ ಮುಂತಾದ ಕೇಂದ್ರಗಳಿಗೆ ರಕ್ಷಣೆ ನೀಡಿದೆ. ಆದರೆ ಪರದೆ ಮುದ್ರಣದ ಮತ್ತು ಯಂತ್ರದ ಅಗ್ಗದ ಅನುಕರಣೆ ನಿಂತಿಲ್ಲ, ಅಂತರ್ಜಲ ಇಳಿಯುತ್ತಿದೆ, ಪೇಥಾಪುರದಲ್ಲಿ ಕೆತ್ತುವ ಕುಟುಂಬಗಳು ವಿರಳವಾಗಿವೆ.

ಕೆತ್ತುವವರು ಕಡಿಮೆಯಾಗಿರುವ ಈ ಹೊತ್ತಿನಲ್ಲಿ ಹಳೆಯ ಅಚ್ಚುಗಳಿಗೆ ಶುಭಾಶಯ ಪತ್ರ, ಕಾಗದದ ಚೀಲ, ಆಮಂತ್ರಣಗಳ ಕೆಲಸವೂ ದೊರಕಿದೆ. ಬಟ್ಟೆಗೆ ಬೇಕಾದ ನೀರಿನ ಅಲ್ಪಾಂಶವನ್ನೂ ಬೇಡದ, ಮನೆಯ ಮೇಜಿನ ಮೇಲೆಯೇ ನಡೆಯುವ ಈ ಕೆಲಸ ಮಕ್ಕಳಿಗೂ ಹವ್ಯಾಸಿಗಳಿಗೂ ಕಲೆಯ ಮೊದಲ ಪರಿಚಯ ಮಾಡಿಸುತ್ತದೆ. ಆ ಪರಿಚಯ ಪೂರ್ಣವಾಗಬೇಕಾದರೆ ಪತ್ರದ ಮೇಲೆ ಮೂಡಿದ ಬುಟ್ಟಾ ಸಾಂಗಾನೇರದ್ದೇ, ಕಚ್ಛಿನದೇ, ಮಚಲೀಪಟ್ಟಣದ್ದೇ ಎಂಬುದನ್ನು ತಿಳಿದು ಹೆಸರಿಸಬೇಕು. 19ನೆಯ ಶತಮಾನದ ವಿನ್ಯಾಸ ಗ್ರಂಥಗಳು ಬಿಟ್ಟುಬಿಟ್ಟ ಆ ಹೆಸರುಗಳನ್ನು ಮರಳಿ ಸೇರಿಸುವುದು ಕೆತ್ತುವ ಮತ್ತು ಒತ್ತುವ ಕೈಗಳಿಗೆ ಸಲ್ಲಬೇಕಾದ ಕನಿಷ್ಠ ಗೌರವ.